ಮಹೆಬೂಬ ಚಾಚಾನ ಸಾಕ್ಷಿ ಮತ್ತು ನನ್ನ ಸ್ಕೋರು

ಸೇಡಂನ ಬ್ಯಾಂಕಿನಲ್ಲಿ ಅಧಿಕಾರಿ ಮೇಡಂ ಅವರ ಮೇಜಿನ ಮುಂದೆ ಅಂದು ನಾವು ಮೂವರು ಕುಳಿತಿದ್ದೆವು: ನಾನು, ನನ್ನ ಹೆಂಡತಿ ಮಹಾದೇವಿ, ನಡುವೆ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟ ಮಹೆಬೂಬ ಚಾಚಾ. ಚಾಚಾ ರಾವೂರಿನಲ್ಲಿ ನಮ್ಮ ಪಕ್ಕದ ಮನೆಯವರು, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ವ್ಯಾಪಾರ ಮಾಡಿದವರು. ನಮ್ಮೂರಲ್ಲಿ ಹೆಣ್ಣು ಕೊಡುವವರೂ ಎತ್ತು ಕೊಳ್ಳುವವರೂ ಅವರದೊಂದು ಮಾತು ಕೇಳಿಯೇ ಮುಂದುವರಿಯುವುದು. ಅವರಲ್ಲಿ ಹಣ ಕೇಳಲು ನನಗೆ ನಾಚಿಕೆ. ಮಾತು ಕೇಳಲು ನಾಚಿಕೆಯೇನು? ವಾಡಿಯಲ್ಲಿ ರೈಲು ಹತ್ತಿಸಿ ಕರೆತಂದಿದ್ದೆ.

ಸಂಗತಿ ಇಷ್ಟೇ. ನನ್ನ ಕ್ರೆಡಿಟ್ ಕಾರ್ಡನ್ನು ನಾನು ಕಿರಾಣಿ ಅಂಗಡಿಯ ಉದ್ರಿಯೆಂದೇ ತಿಳಿದಿದ್ದೆ. ನಮ್ಮ ಶೇಠಜಿ ಯುಗಾದಿಗೊಮ್ಮೆ ಬಾಕಿ ತೀರಿಸಿದರೆ ಎಲೆ ಅಡಿಕೆ ಕೊಟ್ಟು ಕಳಿಸುತ್ತಾರೆ. ಕಾರ್ಡಿನವರು ಬಡ್ಡಿ ಹಾಕಿದರು, ಬಡ್ಡಿಗೂ ಬಡ್ಡಿ ಹಾಕಿದರು. ಕಡಿಮೆ ಬಡ್ಡಿಯ ಇನ್ನೊಂದು ಕಾರ್ಡು ಪಡೆದು ಬಾಕಿಯನ್ನು ಅದಕ್ಕೆ ದಾಟಿಸೋಣವೆಂದರೆ ವಾಡಿ, ಶಹಾಬಾದ, ಚಿತ್ತಾಪುರ ಎಲ್ಲಿ ಹೋದರೂ ನಾನು ಬಾಯಿ ತೆರೆಯುವ ಮೊದಲೇ ನನ್ನ ಕ್ರೆಡಿಟ್ ಸ್ಕೋರು ಅಲ್ಲಿ ಬಂದು ಕುಳಿತಿರುತ್ತಿತ್ತು! ಹೆತ್ತ ತಾಯಿಗೂ ತಿಳಿಯದ ನನ್ನ ಗುಣವನ್ನು ಮೂರೇ ಅಂಕಿಯಲ್ಲಿ ಹಿಡಿದಿಟ್ಟವರು ಯಾರಿರಬಹುದು? ಚಿತ್ರಗುಪ್ತನಾದರೂ ಸಾಯುವ ತನಕ ಕಾಯುತ್ತಾನೆ. ನನಗಂತೂ ಆ ಅಂಕಿಗೆ ಕೈ ಮುಗಿಯಬೇಕೆನಿಸಿತು.

ಮಹಾದೇವಿಗೆ ಹಾಗೆ ಅನಿಸಲಿಲ್ಲ. "ಎಮ್ಮಿ ಮಾರಿ ಕಟ್ಟಿಬಿಡ್ತೀನಿ. ಬರೋ ಸೋಮಾರ ಸಂತಿ ಅದ" ಎಂದಳು. ಅದು ಕರುವಾಗಿದ್ದಾಗಿನಿಂದ ಅವಳೇ ಸಾಕಿದ ಎಮ್ಮೆ. ಆ ಮಾತು ಹೇಳುವಾಗ ನನ್ನ ಕಡೆ ನೋಡಲಿಲ್ಲ, ಕೊಟ್ಟಿಗೆಯ ಕಡೆಯೂ ನೋಡಲಿಲ್ಲ.

ಸೇಡಂ ಬ್ಯಾಂಕಿನ ಮೇಡಂ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯವರು. ಕಂಪ್ಯೂಟರ್ ನೋಡಿ, "ಸ್ಕೋರ್ ಭಾಳ ಕಮ್ಮಿ ಅದ್ರಿ ಸರ್" ಎಂದರು, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ.

ಚಾಚಾ ಎದ್ದು ನಿಂತರು. "ಬೇಟಿ, ಇವ ಸಣ್ಣವ ಇದ್ದಾಗಿಂದ ನೋಡೀನಿ. ತಡಾ ಮಾಡ್ತಾನ, ಅದು ಖರೇ. ಮುಳಗಸಾಂವ ಅಲ್ಲ. ನನ್ನ ಹೆಸರಿಲೆ ಒಂದಿಷ್ಟು ಮಾರ್ಕ್ ಹಾಕು."

"ಮಷೀನಿಗಿ ಕಿವಿ ಇಲ್ಲ ಚಾಚಾ. ಕುಂದ್ರಿ" ಎಂದು ನಕ್ಕ ಮೇಡಂ ಒಂದು ದಾರಿ ತೋರಿಸಿದರು. ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಅದರ ಆಧಾರದ ಮೇಲೆ ಕಾರ್ಡು ಕೊಡುತ್ತಾರೆ. ಸ್ಕೋರಿನ ತಕರಾರಿಲ್ಲ, ಬಡ್ಡಿಯೂ ಕಡಿಮೆ.

ನಾನು ಬೆರಗಾದೆ. ನಮ್ಮ ಹಣ ಅವರಲ್ಲಿಟ್ಟು ಅವರಿಂದಲೇ ಸಾಲ ತರುವುದು! ಇದನ್ನು ಯೋಚಿಸಿದ ತಲೆಗೆ ಎಷ್ಟು ದೊಡ್ಡ ರುಮಾಲು ಸುತ್ತಿದರೂ ಕಡಿಮೆಯೇ. ಚಾಚಾ ಕೂಡ "ವಾಹ್!" ಎಂದರು.

"ಠೇವಣಿ ಇಡಲಿಕ್ಕರ ರೊಕ್ಕ ಎಲ್ಲದ?" ಮಹಾದೇವಿ ಕೇಳಿದಳು. "ಅದಕ್ಕೂ ಎಮ್ಮೀನೇ ಮಾರಬೇಕು."

"ಎಮ್ಮಿ ಮಾರೂದಾ?" ಚಾಚಾ ನನ್ನ ಕಡೆ ತಿರುಗಿದರು. "ಹುಚ್ಚ ಇದ್ದಿ ಏನಲೇ? ನಾ ಕೊಡ್ತೀನಿ ರೊಕ್ಕ, ಕೈಗಡ. ಬಡ್ಡಿ ಗಿಡ್ಡಿ ನನ್ನ ಮುಂದ ಮಾತಾಡಬ್ಯಾಡ."

ನಾನು ಠೇವಣಿಯ ಅರ್ಜಿಗೆ ಕೈ ಚಾಚಿದೆ. ಮಹಾದೇವಿ ಮೇಡಂ ಮುಖ ನೋಡಿದಳು. "ಚಾಚಾ ಕೊಡ್ತಾರಂದ್ರ ಇಲ್ಲಿ ಯಾಕ ಇಡಬೇಕ್ರಿ? ಹಳೇ ಬಾಕೀನೇ ತೀರಿಸಿದ್ರ?"

ಮೇಡಂ ಪೆನ್ನು ಕೆಳಗಿಟ್ಟರು. "ಅಕ್ಕಾ, ಎಲ್ಲಾಕಿಂತ ಚಲೋ ಅದೇ. ನಾ ಹೇಳಿದ್ರ ನಮ್ಮ ಸಾಹೇಬ್ರು ಬೈತಾರ."

ಹಳೆಯ ಬಾಕಿ ತೀರಿತು, ಎಮ್ಮೆ ಉಳಿಯಿತು. ಸ್ಕೋರಿನ ರಿಪೇರಿಗೆಂದು ಸಣ್ಣ ಠೇವಣಿಯ ಮೇಲೆ ಸಣ್ಣ ಕಾರ್ಡೊಂದನ್ನೂ ಆಮೇಲೆ ಪಡೆದೆ. ಅದು ಮಹಾದೇವಿಯ ಟ್ರಂಕಿನಲ್ಲಿದೆ. ಚಾಚಾನ ಕೈಗಡವನ್ನು ಹಾಲಿನಲ್ಲಿ ತೀರಿಸುವುದು, ಬೆಳಿಗ್ಗೆ ಹಾಲು ಮುಟ್ಟಿಸುವ ಕೆಲಸ ನನ್ನದು ಎಂದು ಮರಳುವ ರೈಲಿನಲ್ಲೇ ತೀರ್ಮಾನವಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಕರಿ ಚಹಾ.

ಕಳೆದ ವಾರ ಒಂದು ದಿನ ಬಿಸಿಲೇರುವವರೆಗೂ ಮಲಗಿಬಿಟ್ಟೆ. ಎದ್ದು ನೋಡಿದರೆ ಬಾಗಿಲಲ್ಲಿ ಚಾಚಾ, ಕೈಯಲ್ಲಿ ಖಾಲಿ ಪಾತ್ರೆ. ಮಹಾದೇವಿ ಹಾಲು ಅಳೆದು ಹಾಕಿ, ಮೇಲೆ ಇನ್ನೊಂದು ಸೌಟು ಸುರಿದಳು.

"ಇದ್ಯಾಕ ಬೇಟಿ?"

"ಇವರು ತಡಾ ಮಾಡಿದ್ದಕ್ಕ."

"ಬಡ್ಡಿ ಬ್ಯಾಡಂದಿದ್ದೆನಲ್ಲ" ಎಂದು ಚಾಚಾ ಆ ಒಂದು ಸೌಟಿನಷ್ಟು ಹಾಲನ್ನು ನಮ್ಮ ಪಾತ್ರೆಗೇ ಬಗ್ಗಿಸಿ ಹೊರಟುಹೋದರು. ಮಹಾದೇವಿ ಆ ಹಾಲಿನಲ್ಲಿ ನನಗೆ ಚಹಾ ಮಾಡಿಕೊಟ್ಟಳು. ಕುಡಿದೆ.