ಪೊಟ್ಟಣದ ಹಿಂಬದಿ

ಸಿಟ್ಟು ಬರುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ನನಗಂತೂ ಈಚೆಗೆ ಬಿಸ್ಕೀಟಿನ ಪೊಟ್ಟಣ ಕಂಡರೂ ಮೈ ಉರಿಯುತ್ತದೆ. ಬನಹಟ್ಟಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ, ಮಕ್ಕಳ ಮೇಲೆ ಒಮ್ಮೆಯೂ ಕೈ ಎತ್ತದ ನಾನು ಒಂದು ಹಿಟ್ಟಿನ ಚೀಲವನ್ನು ಗೋಡೆಗೆ ಎಸೆದಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ಗೋಡೆ ಸುಣ್ಣ ಬಳಿದಂತಾಯಿತು. ಒರೆಸಿದವನೂ ನಾನೇ.

ಇದೆಲ್ಲ ಶುರುವಾದದ್ದು ನನ್ನ ಹೆಂಡತಿ ಕಸ್ತೂರಿಯ ಹೊಟ್ಟೆನೋವಿನಿಂದ. ಉಂಡದ್ದು ಮೈಗೆ ಹತ್ತದೆ ಅವಳು ದಿನದಿನಕ್ಕೆ ಸೊರಗಿದಳು. ಜಮಖಂಡಿಯ ಡಾಕ್ಟರು ರಕ್ತ ಪರೀಕ್ಷೆ, ಕರುಳಿನ ಪರೀಕ್ಷೆ ಎಲ್ಲ ಮಾಡಿಸಿ, ಗೋದಿಯಲ್ಲಿರುವ ಗ್ಲುಟೆನ್ ಎಂಬುದು ಅವಳಿಗೆ ಆಗುವುದಿಲ್ಲ, ಇನ್ನು ಜೀವನಪೂರ್ತಿ ಗೋದಿಯ ಕಣವೂ ಬಾಯಿಗೆ ಹೋಗಬಾರದು ಎಂದರು. ಜೋಳದ ರೊಟ್ಟಿ ತಿನ್ನುವ ನಮಗೆ ಇದೇನು ಮಹಾ ಎಂದುಕೊಂಡೆ. ಆದರೆ ಕಸ್ತೂರಿಗೆ ಚಹಾದ ಜೊತೆ ಬಿಸ್ಕೀಟು ಬೇಕು, ಹಬ್ಬಕ್ಕೆ ಹೋಳಿಗೆ ಬೇಕು. ಅವಳು ಬಾಯಿಬಿಟ್ಟು ಕೇಳಲಿಲ್ಲ. ಪಕ್ಕದ ಮನೆಯವರು ಕೊಟ್ಟ ಹೋಳಿಗೆಯನ್ನು ನನ್ನ ತಾಟಿಗೆ ಹಾಕಿ ಸುಮ್ಮನೆ ನೋಡುತ್ತ ಕೂತಳು. ನಾನು ತಾಟನ್ನು ಪಕ್ಕಕ್ಕೆ ಸರಿಸಿದೆ. ಅವತ್ತೇ ಮೊಬೈಲ್ ಹಿಡಿದು ಗ್ಲುಟೆನ್ ಇಲ್ಲದ ಬಿಸ್ಕೀಟು, ಹಿಟ್ಟು ಆರ್ಡರ್ ಮಾಡಲು ಕೂತೆ.

ಮೊದಲು ಬಂದ ಬಿಸ್ಕೀಟು ಚಿತ್ರದಲ್ಲಿ ಅಂಗೈಯಗಲ ಇತ್ತು, ಡಬ್ಬಿಯಲ್ಲಿ ಅಂಗಿಯ ಗುಂಡಿಯಷ್ಟಿತ್ತು. ಅರ್ಧಕ್ಕರ್ಧ ದಾರಿಯಲ್ಲೇ ಪುಡಿಯಾಗಿತ್ತು. ಎರಡನೆಯ ಕಂಪನಿಯ ಚಪಾತಿ ಹಿಟ್ಟು ಲಟ್ಟಣಿಗೆ ತಾಗಿದರೆ ಸಾಕು, ಬಿರಿಯುತ್ತಿತ್ತು. ಮೂರನೆಯ ಕಂಪನಿಯ ಹಿಟ್ಟಿನ ಚೀಲದ ಮುಂಬದಿ 'ಗ್ಲುಟೆನ್ ಇಲ್ಲ' ಎಂದು ದಪ್ಪಕ್ಷರ; ಹಿಂಬದಿ ಇರುವೆಯ ಕಾಲಿನಂಥ ಅಕ್ಷರದಲ್ಲಿ, ಗೋದಿ ಬೀಸುವ ಯಂತ್ರದಲ್ಲೇ ತಯಾರಾದದ್ದು ಎಂಬ ಸೂಚನೆ. ಗೋಡೆಗೆ ಎಸೆದದ್ದು ಇದನ್ನೇ. ಸಹಾಯವಾಣಿಗೆ ಫೋನು ಮಾಡಿದರೆ ಹುಡುಗಿಯೊಬ್ಬಳು ನನ್ನ ಬೈಗುಳವನ್ನೆಲ್ಲ ಶಾಂತವಾಗಿ ಕೇಳಿಸಿಕೊಂಡು, ಈ ಮಾತುಕತೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದಳು. ಮಾಸ್ತರಿಕೆಯ ರೂಢಿ, ಸೊನ್ನೆ ಎಂದೆ. ಒಂದಕ್ಕಿಂತ ಕಡಿಮೆ ಕೊಡಲು ಬರುವುದಿಲ್ಲವಂತೆ.

ಆಮೇಲೆ ಬುದ್ಧಿ ಕಲಿತೆ. ಪೊಟ್ಟಣದ ಹಿಂಬದಿಯ ಫೋಟೋ ಹಾಕದ ಕಂಪನಿಯನ್ನು ನಂಬಬಾರದು. ಪ್ರಯೋಗಾಲಯದ ವರದಿ ಕೇಳಿದರೆ ಕಳಿಸುವವರ ಹತ್ತಿರವೇ ಕೊಳ್ಳಬೇಕು, ಅದೂ ಮೊದಲು ಸಣ್ಣ ಪೊಟ್ಟಣ. ಹೀಗೆ ಒಂದು ಛಲೋ ಬ್ರ್ಯಾಂಡು ಸಿಕ್ಕಿತು. ಕಸ್ತೂರಿ ಚಹಾದಲ್ಲಿ ಬಿಸ್ಕೀಟು ಅದ್ದಿ ಎಷ್ಟೋ ದಿನಗಳ ಮೇಲೆ ನಕ್ಕಳು. ಆದರೆ ಹೊಟ್ಟೆನೋವು ನಿಲ್ಲಲಿಲ್ಲ.

ಆಗ ನನ್ನ ಸಿಟ್ಟು ಹಿಟ್ಟಿನ ಗಿರಣಿಯತ್ತ ತಿರುಗಿತು. ನಮ್ಮ ಜೋಳಕ್ಕಿಂತ ಮೊದಲು ಅಲ್ಲಿ ಯಾರದೋ ಗೋದಿ ಬೀಸಿರುತ್ತಾರಲ್ಲ. ಗಿರಣಿಯ ಶಿವಪ್ಪನ ಮೇಲೆ ಹತ್ತು ಜನರೆದುರು ಕೂಗಾಡಿದೆ. ಅವನು ಹಿಟ್ಟು ಮೆತ್ತಿದ ಹುಬ್ಬು ಏರಿಸಿ, "ಮೊದಲ ಹೇಳಬಾರದೇನ್ರಿ ಮಾಸ್ತರ? ಮುಂಜಾನೆ ಗಿರಣಿ ಸ್ವಚ್ಛ ಮಾಡಿ ನಿಮ್ದ ಮೊದಲ ಬೀಸಿ ಕೊಡ್ತೇನಿ" ಎಂದ. ಕೊಟ್ಟ ಕೂಡ. ನೋವು ಹೋಗಲಿಲ್ಲ.

ಇನ್ನು ಉಳಿದದ್ದು ಆ ಛಲೋ ಬ್ರ್ಯಾಂಡು. ಮೋಸಗಾರರೇ, ನನ್ನ ಹೆಂಡತಿಯ ಜೀವದ ಜೊತೆ ಆಟವಾಡುತ್ತೀರಾ ಎಂದು ಉದ್ದಕ್ಕೆ ಬರೆದು ಕಳಿಸಿಯೇಬಿಟ್ಟೆ. ಆಮೇಲೆ ಅಡುಗೆಮನೆಯಲ್ಲಿ ನಿಂತು ಅದನ್ನು ಕಸ್ತೂರಿಗೆ ಓದಿ ಹೇಳತೊಡಗಿದೆ. ಒಗ್ಗರಣೆ ಹಾಕುತ್ತಿದ್ದ ಅವಳು ಕೈಯಲ್ಲಿದ್ದ ಇಂಗಿನ ಡಬ್ಬಿಯನ್ನು ತಿರುವಿ, ಕಣ್ಣಿನ ಹತ್ತಿರ ಹಿಡಿದು, ಒಲೆ ಆರಿಸಿದಳು.

"ರೀ, ಇದನ್ನ ಓದೀರೇನು?"

ಕನ್ನಡಕ ಹಾಕಿಕೊಂಡು ಓದಿದೆ. ಗೋಂದು, ಗೋದಿ ಹಿಟ್ಟು, ಕೊನೆಗೆ ಇಂಗು. ಅವಳಿಗೆ ಹೊಟ್ಟೆ ನೊಂದಾಗಲೆಲ್ಲ ಬಿಸಿನೀರಿಗೆ ಧಾರಾಳವಾಗಿ ಅದೇ ಇಂಗು ಕದಡಿ ಕುಡಿಸುತ್ತಿದ್ದವನು ನಾನು. ಒಲ್ಲೆ ಎಂದು ಮುಖ ಕಿವಿಚಿದರೆ ಗದರಿಸಿ ಕುಡಿಸಿದ್ದೆ. ಅವಳ ಹೊಟ್ಟೆಗೆ ಗೋದಿ ಹಾಕಿದವನನ್ನು ಹುಡುಕುತ್ತ ತಿಂಗಳುಗಟ್ಟಲೆ ಕಂಡಕಂಡವರನ್ನೆಲ್ಲ ಬೈದಿದ್ದೆ. ಸಿಟ್ಟು ಇನ್ನೂ ಹಾಗೇ ಇತ್ತು, ಇಡುವುದಕ್ಕೆ ಜಾಗವಿರಲಿಲ್ಲ.

ಆ ಇಂಗು ಬಿಟ್ಟ ಮೇಲೆ ಕೆಲವು ವಾರಗಳಲ್ಲಿ ನೋವು ಇಳಿಯಿತು. ಈಗ ಅವಳು ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಾಳೆ. ಈ ನಡುವೆ ಕಂಪನಿಯ ಉತ್ತರ ಬಂತು. ತಮ್ಮಿಂದೇನಾದರೂ ತೊಂದರೆಯಾಗಿದ್ದರೆ ದಯವಿಟ್ಟು ಕ್ಷಮಿಸಬೇಕು ಎಂದು ಬರೆದಿದ್ದರು. ಎಷ್ಟು ವಿನಯವಂತರು ನೋಡು ಎಂದು ಕಸ್ತೂರಿಗೆ ತೋರಿಸಿದೆ. ಅವಳು ನಿಧಾನವಾಗಿ ಓದಿ, ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಇವರು ಮಾಫಿ ಕೇಳಿದ್ರು ಬಿಡ್ರಿ. ನಿಮ್ದು ಯಾವಾಗ ಬರ್ತೈತಿ?" ಎಂದಳು.