ಸಂತ ಆಂತೋನಿಯೊ ಮತ್ತು ಐದನೇ ತಂತಿ

ನನ್ನ ಗಂಡ ಫ್ಲೊರೆನ್ಸಿಯೊನ ಹೊಟ್ಟೆಯಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ. ಇದು ದೂರಲ್ಲ, ನಲವತ್ತಾರು ವರ್ಷಗಳ ಅವಲೋಕನದಿಂದ ಬಂದ ತೀರ್ಮಾನ. ನನ್ನ ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಡಾಕ್ಟರು ಹೇಳಿದ ಅರ್ಧ ಗಂಟೆಯಲ್ಲಿ ಆ ಸುದ್ದಿ ಬೀದಿ ಕೊನೆಯ ಅಂಗಡಿಯ ಡೊಮಿನೊ ಮೇಜನ್ನು ಮುಟ್ಟಿತ್ತು. ಸಂಜೆಯ ಹೊತ್ತಿಗೆ ಕಲ್ಲಿನ ಗಾತ್ರದ ಬಗ್ಗೆ ಅಲ್ಲಿ ಎರಡು ಪಕ್ಷಗಳಾಗಿ, ಒಂದು ಕುರ್ಚಿ ಮುರಿದಿತ್ತು. ನಮ್ಮ ಮಗಳು ಬಸುರಿ ಎಂಬುದು ಅಳಿಯನಿಗಿಂತ ಮೊದಲು ಕ್ಷೌರಿಕನಿಗೆ ಗೊತ್ತಾಯಿತು. ಇಂಥ ಮನುಷ್ಯ ನನ್ನ ಗಂಡ.

ನಾನು ಹಾಗಲ್ಲ. ಮೂವತ್ತೆರಡು ವರ್ಷ ಈ ಸಾನ್ ಪೇದ್ರೊ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು. ಅದರಲ್ಲೂ ಕಂಪನಗಳು ನನ್ನ ವಿಶೇಷ ವಿಷಯ. ಅಳೆಯದೆ ಮಾತಾಡುವುದಿಲ್ಲ, ಮಾತಾಡಿದ ಮೇಲೆ ಬದಲಿಸುವುದಿಲ್ಲ. ಇನ್ನೊಂದನ್ನೂ ಸಂಕೋಚವಿಲ್ಲದೆ ಹೇಳಿಬಿಡುತ್ತೇನೆ: ಎಪ್ಪತ್ತೊಂದು ತುಂಬಿದರೂ ನನ್ನ ಕಂಠ ಕುಂದಿಲ್ಲ. ಪ್ರತಿ ಜೂನ್‌ನಲ್ಲಿ ಊರ ಸಂತನ ಹಬ್ಬದ ಸಂಜೆ ನಮ್ಮ ಕ್ಲಬ್ಬಿನಲ್ಲಿ ನಾನು ಒಂದೇ ಒಂದು ಬೊಲೆರೊ, ಅಂದರೆ ನಿಧಾನಗತಿಯ ಪ್ರೇಮಗೀತೆ, ಹಾಡುತ್ತೇನೆ. ಮೂವತ್ತು ವರ್ಷದಿಂದ ಅದೇ ಹಾಡು, ಅದೇ ಶ್ರುತಿ. ನನ್ನ ಓರಗೆಯ ಗಾಯಕಿಯರೆಲ್ಲ ಒಬ್ಬೊಬ್ಬರಾಗಿ ಶ್ರುತಿ ಇಳಿಸಿಕೊಂಡರು. ಅದನ್ನು ಕಂಡು ನಾನು ಹಿಂದೊಮ್ಮೆ ತುಂಬಿದ ಸಭೆಯಲ್ಲೇ ಘೋಷಿಸಿದ್ದೆ: "ನಾನು ಶ್ರುತಿ ಇಳಿಸಿದ ದಿನವೇ ನನ್ನ ಹಾಡು ಮುಗಿಯಿತು ಎಂದು ತಿಳಿಯಿರಿ!" ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಫ್ಲೊರೆನ್ಸಿಯೊ ಮಾತ್ರ ತನ್ನ ಬೇಸ್ ಗಿಟಾರಿನ ಬಿರಡೆಯನ್ನು ನೋಡುತ್ತ ಕೂತಿದ್ದ.

ಅವನು ಆ ಕ್ಲಬ್ಬಿನ ವಾದ್ಯವೃಂದದಲ್ಲಿ ಬೇಸ್ ನುಡಿಸುತ್ತಾನೆ. ಅವನು ಮೊದಲ ಸ್ವರ ಮಿಡಿಯುತ್ತಾನೆ, ಅದನ್ನು ಹಿಡಿದು ನಾನು ಹಾಡು ಎತ್ತಿಕೊಳ್ಳುತ್ತೇನೆ. ಅಷ್ಟೇ ನಮ್ಮ ಸಹಕಾರ.

ಈ ವರ್ಷ ಜನವರಿಯಿಂದ ಅವನಿಗೊಂದು ಹುಚ್ಚು ಹತ್ತಿತು. ನಾಲ್ಕು ತಂತಿಯ ಹಳೆಯ ಬೇಸ್ ಸಾಲದು, ಐದು ತಂತಿಯದು ಬೇಕು. ಬೇಕೋ? ಬೇಕು. ಕೊಳ್ಳೋಣವೋ? ಬೇಡವೇನೋ. ಬೆಳಿಗ್ಗೆ ಐದು, ಮಧ್ಯಾಹ್ನ ನಾಲ್ಕು, ರಾತ್ರಿ ಮತ್ತೆ ಐದು! ಆರು ತಿಂಗಳು ನಾನು ಈ ಲೆಕ್ಕ ಕೇಳಿದೆ.

"ಐದನೇ ತಂತಿ ಯಾಕೆ ಬೇಕು, ಅದನ್ನ ಹೇಳು," ಎಂದೆ.

"ಈಗ ಎಲ್ಲಾ ಹುಡುಗ್ರೂ ಅದನ್ನೇ ಹಿಡ್ಕೊಂಡಿರ್ತಾರೆ, ಪ್ರೊಫೆ." ನನ್ನ ವಿದ್ಯಾರ್ಥಿಗಳು ಕರೆಯುತ್ತಿದ್ದ ಹೆಸರನ್ನು ಅವನು ಕದ್ದು ನಲವತ್ತು ವರ್ಷವಾಯಿತು.

"ನೀನು ಹುಡುಗನಾ?"

"ಹಿಡ್ಕೊಂಡ್ರೆ ಆಗ್ಬೋದೇನೋ."

"ಮೊದ್ಲು ತಲೆ ಮೇಲೆ ಕೂದ್ಲು ಬರ್ಲಿ. ತಂತಿ ಆಮೇಲೆ ನೋಡೋಣ."

ಓದುಗರಿಗೆ ವಿಷಯ ಸ್ಪಷ್ಟವಾಗಲಿ. ನಮ್ಮ ಸ್ವರಗಳು ಕೆಳಗಿನಿಂದ ಮೇಲಕ್ಕೆ ದೋ, ರೆ, ಮಿ, ಫಾ, ಸೋಲ್, ಲಾ, ಸಿ; ಸಿ ಆದ ಮೇಲೆ ಮತ್ತೆ ದೋ. ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಮಿ. ಐದನೆಯದು ಸೇರಿದರೆ ಅದಕ್ಕೂ ಕೆಳಗೆ ರೆ, ದೋ, ಸಿ ತನಕ ಇಳಿಯಬಹುದು. ಕತ್ತೆ ಕಟ್ಟುವ ಹಗ್ಗದಷ್ಟು ದಪ್ಪ, ಆ ತಂತಿ! ಅಷ್ಟು ಆಳದ ಪಾತಾಳದಲ್ಲಿ ಮರ್ಯಾದಸ್ಥರಿಗೆ ಏನು ಕೆಲಸ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಇನ್ನೊಂದು ವಿಚಿತ್ರವೂ ಇತ್ತು. ತನ್ನ ಬೆರಳುಗಳಿಗೆ ವಾತ ಹಿಡಿದಿದೆ ಎಂದು ಫ್ಲೊರೆನ್ಸಿಯೊ ವರ್ಷಗಳಿಂದ ಬೀದಿಗೆಲ್ಲ ಸಾರಿದ್ದ. ಪಕ್ಕದ ಮನೆಯ ಓತಿಲಿಯಾ ಕನಿಕರಪಟ್ಟು ತಿಂಗಳಿಗೊಂದು ಡಬ್ಬಿ ಕರ್ಪೂರದ ಮುಲಾಮು ಕಳಿಸುತ್ತಿದ್ದಳು. ಬೆರಳು ಹೋಗಿದೆ ಎನ್ನುವವನು ಇನ್ನೊಂದು ತಂತಿ ಕೇಳುವುದೇ? ಹಲ್ಲುನೋವಿನವನು ಕಬ್ಬು ಕೇಳಿದ ಹಾಗಾಯಿತು!

"ಸಾಕು," ಎಂದೆ ಕೊನೆಗೆ. "ಆರು ತಿಂಗಳಲ್ಲಿ ನಿನ್ನ ಕೈಲಿ ಆಗದ್ದನ್ನ ಒಂದೇ ಮಧ್ಯಾಹ್ನದಲ್ಲಿ ನಾನು ಇತ್ಯರ್ಥ ಮಾಡ್ತೀನಿ. ವೈಜ್ಞಾನಿಕವಾಗಿ!"

ಹಬ್ಬ ಶನಿವಾರ. ಸಂಗೀತದ ಅಂಗಡಿಯವನನ್ನು ಒಪ್ಪಿಸಿ ಬುಧವಾರ ಐದು ತಂತಿಯ ಬೇಸ್ ಮನೆಗೆ ತರಿಸಿದೆ. ಗುರುವಾರ ಸಂಜೆಯೊಳಗೆ ಕೊಳ್ಳಬೇಕು, ಇಲ್ಲವೇ ಹಿಂದಕ್ಕೆ ಕೊಡಬೇಕು. ಪ್ರಯೋಗದ ವಿನ್ಯಾಸವನ್ನು ಹಾಳೆಯ ಮೇಲೆ ಬರೆದೆ. ಪರೀಕ್ಷಕಿ ನಾನು, ಕಣ್ಣಿಗೆ ಅಡುಗೆಮನೆಯ ಟವೆಲ್ ಕಟ್ಟಿಕೊಳ್ಳುವುದು. ಫ್ಲೊರೆನ್ಸಿಯೊ ನನಗೆ ತಿಳಿಯದಂತೆ ಒಮ್ಮೆ ಇದನ್ನು, ಒಮ್ಮೆ ಅದನ್ನು ನುಡಿಸುವುದು. ನಾನು ಅಂಕ ಕೊಡುವುದು. ನಿಷ್ಪಕ್ಷಪಾತ ಸಾಕ್ಷಿಯಾಗಿ ಓತಿಲಿಯಾ. ಅವಳು ಬಂದದ್ದು ವಿಜ್ಞಾನಕ್ಕಾಗಿ ಅಲ್ಲ, ಒಲೆಯ ಮೇಲಿದ್ದ ಸಾನ್ಕೊಚೊಗಾಗಿ. ಏಳು ಬಗೆಯ ಮಾಂಸ, ಬಾಳೆಕಾಯಿ, ಗೆಡ್ಡೆಗೆಣಸು ಬೆಳಗಿನಿಂದ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದವು.

ನಮ್ಮ ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಗೋಡೆಯಿಲ್ಲ. ಒಲೆಯ ಮೇಲ್ಗಡೆಯ ಹಲಗೆಯಲ್ಲಿ ನನ್ನ ಅತ್ತೆ ಬಿಟ್ಟುಹೋದ ಸಂತ ಆಂತೋನಿಯೊನ ಗಚ್ಚಿನ ವಿಗ್ರಹ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ. ನನ್ನ ಕನ್ನಡಕವನ್ನು ಅವನು ಒಮ್ಮೆಯೂ ಹುಡುಕಿಕೊಟ್ಟಿಲ್ಲ, ಆ ಮಾತು ಬೇರೆ. ಧ್ವನಿವರ್ಧಕದ ದೊಡ್ಡ ಪೆಟ್ಟಿಗೆಯನ್ನು ಆ ಹಲಗೆಯ ಕೆಳಗೇ ಇಡಿಸಿದೆ. ಯಾಕೆ? ಪ್ಲಗ್ ಅಲ್ಲಿತ್ತು! ಮೂವತ್ತೆರಡು ವರ್ಷ ಕಂಪನ ಕಲಿಸಿದವಳು ಕೊಟ್ಟ ಕಾರಣ ಇದು.

"ನನ್ನ ಹಾಡನ್ನೇ ನುಡಿಸು," ಎಂದೆ, ಟವೆಲ್ ಬಿಗಿಯುತ್ತ.

ಫ್ಲೊರೆನ್ಸಿಯೊ ಕೆಮ್ಮಿದ. "ಬೇರೆ ಹಾಡು ಆಗ್ದಾ?"

"ಆಗಲ್ಲ. ಶನಿವಾರ ಬೇಕಾಗಿರೋದು ಅದೇ ತಾನೆ?"

ಆಮೇಲೆ ಬಿರಡೆ ಕಿರ್ ಎಂದಿತು.

"ಏನದು?"

"ಏನಿಲ್ಲ, ತಂತಿ ತಿದ್ತಿದೀನಿ."

ಮೊದಲ ವಾದ್ಯ ನುಡಿಯಿತು. ಕೆಳಗಿನ ತಂತಿ ಹೋದ ವರ್ಷದ ಹಬ್ಬದಲ್ಲಿ ಮಾಡಿದಂತೆಯೇ ದುಂಬಿಯ ಹಾಗೆ ಗುಂಯ್‌ಗುಟ್ಟಿತು. ಆಗ ಅದಕ್ಕಾಗಿ ನಾನು ಅವನಿಗೆ ಒಂದು ವಾರ ಬೈದಿದ್ದೆ. ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಮುಂದಿನದು ಶುರುವಾಯಿತು.

ಅದು ಕಿವಿಗೆ ಕೇಳಿಸಲಿಲ್ಲ, ಮೊಣಕಾಲಿಗೆ ಕೇಳಿಸಿತು. ಗಾಜಿನ ಕಪಾಟಿನಲ್ಲಿ ನನ್ನ ಮದುವೆಯ ಲೋಟಗಳು ಪರಸ್ಪರ ಕುಶಲ ವಿಚಾರಿಸತೊಡಗಿದವು. ಪಾತ್ರೆಯ ಮುಚ್ಚಳ ಕುಣಿಯಿತು. ಮೇಜಿನಡಿಯ ನಾಯಿ ತನ್ನ ಪೂರ್ವಜರನ್ನು ನೆನೆದು ಊಳಿಟ್ಟಿತು.

"ದೋನ್ಯಾ ಎರ್ಮಿನಿಯಾ!" ಓತಿಲಿಯಾ ನನ್ನ ಹೆಸರು ಹಿಡಿದು ಕಿರುಚಿದಳು. "ಸಂತ ನಡೀತಿದಾನೆ!"

"ಸಾಕ್ಷಿಗಳು ಅಭಿಪ್ರಾಯ ಹೇಳೋ ಹಾಗಿಲ್ಲ!"

"ನಡೀತಿದಾನೆ ಅಂದ್ರೆ ನಡೀತಿದಾನೆ! ಅಂಚಿಗೆ ಬಂದ!"

"ಓತಿಲಿಯಾ, ಬಾಯಿ ಮುಚ್ಚು. ಫ್ಲೊರೆನ್ಸಿಯೊ, ಇನ್ನೂ ಕೆಳಗೆ!"

ಅವನು ಇನ್ನೂ ಕೆಳಗಿಳಿದ. ಸಂತನೂ ಇಳಿದ. ಮುಚ್ಚಳ ಎಗರಿ ಹೋದ ಹೊತ್ತಿಗೆ ಸರಿಯಾಗಿ, ತಲೆ ಮುಂದಾಗಿ, ಏಳು ಮಾಂಸಗಳ ನಡುವೆ! ಸಾನ್ಕೊಚೊ ಅಲೆಯಾಗಿ ಎದ್ದು ಅರ್ಧ ಗೋಡೆಗೆ, ಅರ್ಧ ಕೆಳಗೆ ತೆರೆದಿಟ್ಟಿದ್ದ ಹಳೆಯ ಬೇಸ್‌ನ ಪೆಟ್ಟಿಗೆಗೆ ಬಡಿಯಿತು. ನಾನು ಟವೆಲ್ ಕಿತ್ತು ನೋಡಿದಾಗ ಸಂತನ ಎರಡು ಪಾದಗಳು ಸಾರಿನ ಮೇಲೆ ಕಾಣುತ್ತಿದ್ದವು. ನಾಯಿ ಹಂದಿಮಾಂಸದೊಂದಿಗೆ ಸೋಫಾದ ಕೆಳಗೆ ಸೇರಿತ್ತು.

ಓತಿಲಿಯಾ ಬೀದಿಗೆ ಓಡಿದಳು. ಐದು ನಿಮಿಷದಲ್ಲಿ ಬಾಗಿಲಲ್ಲಿ ಇಪ್ಪತ್ತು ಜನ, ಅವರಲ್ಲಿ ಇಬ್ಬರ ಕೈಯಲ್ಲಿ ಮೇಣದ ಬತ್ತಿ! ನಾನು ಅನುರಣನದ ನಿಯಮವನ್ನು ವಿವರಿಸಲು ಹೊರಟೆ.

"ಪ್ರೊಫೆ, ಅದೆಲ್ಲ ಸರಿ," ಎಂದ ಬೀದಿ ಕೊನೆಯ ಅಂಗಡಿಯವನು. "ನಾಲ್ಕು ತಂತಿಗೆ ಅಲ್ಲಾಡ್ದೇ ಇದ್ದ ಸಂತ ಐದನೇದಕ್ಕೆ ಯಾಕೆ ನಡ್ದ, ಅದನ್ನ ಹೇಳಿ."

"ಅದನ್ನೇ ಹೇಳ್ತಿದೀನಿ! ಹಲಗೆಯ ಸಹಜ ಕಂಪನ..."

"ಅಂದ್ರೆ ಸಂತ ಐದನ್ನ ಆರಿಸಿದಾನೆ!"

"ಹಾರಿದಾನೆ ಅಂದ್ರೆ ಬೇಡ ಅಂತ್ಲೂ ಇರ್ಬೋದಲ್ಲ?" ಎಂದಿತು ಇನ್ನೊಂದು ಕಂಠ. ಅಲ್ಲಿಗೆ ಬೀದಿಯಲ್ಲಿ ನಾಲ್ಕರ ಪಕ್ಷ, ಐದರ ಪಕ್ಷ ಹುಟ್ಟಿಕೊಂಡವು. ಫ್ಲೊರೆನ್ಸಿಯೊ, ಸಹಜವಾಗಿಯೇ, ಬೀದಿ ಮಧ್ಯದಲ್ಲಿ ನಿಂತು ಸಂತನ ಹೆಜ್ಜೆಗಳನ್ನು ಅಭಿನಯಿಸಿ ತೋರಿಸುತ್ತಿದ್ದ.

ನಾನು ಒಳಗೆ ಬಂದು ಹಳೆಯ ಬೇಸ್‌ನ ಪೆಟ್ಟಿಗೆ ಒರೆಸಲು ಕೂತೆ. ಒಳಗಿನ ಕೆಂಪು ಮಖಮಲ್ಲು ಬಿಸಿ ಸಾರಿಗೆ ಅಂಟು ಬಿಟ್ಟು ಎದ್ದಿತ್ತು. ಅದರ ಹಿಂದೆ ಮಡಿಸಿದ ಒಂದು ಚೀಟಿ. ಫ್ಲೊರೆನ್ಸಿಯೊನ ಕೋಳಿಕಾಲು ಅಕ್ಷರ: "ಎರ್ಮಿನಿಯಾಳ ಹಾಡು." ಕೆಳಗೆ ನಾಲ್ಕು ಸಾಲು. ಸೋಲ್ ಎಂದು ಬರೆದು ಹೊಡೆದುಹಾಕಿತ್ತು. ಫಾ, ಹನ್ನೆರಡು ವರ್ಷದ ಹಿಂದಿನ ಇಸವಿ, ಅದಕ್ಕೂ ಗೀಟು. ಮಿ, ಏಳು ವರ್ಷದ ಹಿಂದೆ, ಗೀಟು. ಕೊನೆಗೆ ರೆ, ಹೋದ ವರ್ಷ. ಅದರ ಪಕ್ಕದಲ್ಲಿ ಸಣ್ಣದಾಗಿ: "ತಂತಿ ಸಡಿಲಿಸಿದರೆ ಗುಂಯ್‌ಗುಡುತ್ತದೆ. ಐದನೆಯದು ಬೇಕೇ ಬೇಕು. ಅವಳಿಗೆ ತಿಳಿಯಬಾರದು."

ನಾನು ಕೈ ಒರೆಸಿಕೊಂಡು ಚೀಟಿಯನ್ನು ಮತ್ತೊಮ್ಮೆ ಮೇಲಿನಿಂದ ಓದಿದೆ.

ಪುರಾವೆ ಅನುಮಾನಕ್ಕೆ ಎಡೆಗೊಡುವಂತಿರಲಿಲ್ಲ. ಮೂವತ್ತು ವರ್ಷದಿಂದ ಬದಲಾಗದ ನನ್ನ ಶ್ರುತಿ ಮೂರು ಮೆಟ್ಟಿಲು ಇಳಿದಿತ್ತು. ಅವನು ಕೊಟ್ಟ ಸ್ವರ ಹಿಡಿದು ನಾನು ಹಾಡುತ್ತಿದ್ದೆ. ಅವನು ಕೆಳಗೆ ಕೊಟ್ಟರೆ ನಾನೂ ಕೆಳಗೆ. ಜಗತ್ತಿನ ಎಲ್ಲ ಕಂಪನಗಳನ್ನೂ ಅಳೆದ ನಾನು ನನ್ನ ಗಂಟಲನ್ನು ಮಾತ್ರ ಅಳೆದಿರಲಿಲ್ಲ.

ಆದರೆ ಅದೇ ವಾದ್ಯವೃಂದದಲ್ಲಿ ಪಿಯಾನೊ ನುಡಿಸುವ ರಾಮಿರೊ? ಅವನಿಗೆ ಗೊತ್ತಿರಲೇಬೇಕಲ್ಲ! ಆಗ ಬೆರಳಿನ ವಾತ ನೆನಪಾಯಿತು. ಸಂಜೆ ಫ್ಲೊರೆನ್ಸಿಯೊ ಒಳಗೆ ಬಂದಾಗ ಸೀಬೆಹಣ್ಣಿನ ಜಾಮಿನ ಶೀಶೆ ಮುಂದೆ ಹಿಡಿದೆ. ಆ ಮುಚ್ಚಳ ಅಳಿಯನಿಂದಲೂ ಜಗ್ಗಿರಲಿಲ್ಲ.

"ಇದನ್ನ ತೆಗಿ."

ಟಕ್. ಒಂದೇ ತಿರುವು! ಮರುಕ್ಷಣ ಅವನಿಗೆ ಏನೋ ನೆನಪಾಗಿ ಕೈ ಕೊಡವಿದ. "ಅಯ್ಯೋ, ಬೆರಳು!"

"ಪಾಪ," ಎಂದೆ. "ರಾಮಿರೊಗೆ ಗೊತ್ತಾ, ನಿನ್ನ ಬೆರಳಿನ ವಿಷ್ಯ?"

"ಊರಿಗೆಲ್ಲಾ ಗೊತ್ತು. ಮೇಲಿನ ಸ್ವರದಲ್ಲಿ ನುಡ್ಸೋಕೆ ನಂಗೆ ಕಷ್ಟ ಅಂತ ಅವ್ನೇ ಎಷ್ಟೋ ಸಲ ಶ್ರುತಿ..." ಅವನು ಬಾಯಿ ಮುಚ್ಚಿ ಜಾಮಿನ ಶೀಶೆಯನ್ನು ಬಹಳ ಗಮನದಿಂದ ಓದತೊಡಗಿದ.

ಗುರುವಾರ ಬೆಳಿಗ್ಗೆ ಫಲಿತಾಂಶ ಪ್ರಕಟಿಸಿದೆ. "ಐದು ತಂತಿಯದನ್ನೇ ಇಟ್ಕೋ."

"ಸಂತ ಹೇಳಿದ ಅಂತಾನಾ?"

"ವಿಜ್ಞಾನ ಹೇಳಿತು!"

ಪ್ರತಿಜ್ಞೆಯ ಬಗ್ಗೆಯೂ ಹಿಂದಿನ ರಾತ್ರಿಯೇ ಯೋಚಿಸಿ ಮುಗಿಸಿದ್ದೆ. "ನಾನು ಶ್ರುತಿ ಇಳಿಸಿದ ದಿನ" ಎಂದಿದ್ದೆ. ನಾನೆಲ್ಲಿ ಇಳಿಸಿದೆ? ಇಳಿಸಿದ್ದು ಗಂಡನ ಬೆರಳು. ಲೆಕ್ಕವನ್ನೂ ಹಾಕಿದೆ. ಸುಮಾರು ಐದಾರು ವರ್ಷಕ್ಕೊಂದು ಮೆಟ್ಟಿಲು. ರೆಯಲ್ಲಿ ಇನ್ನೂ ನಾಲ್ಕು ವರ್ಷ ನಿಶ್ಚಿಂತೆ. ಆಮೇಲೆ ಐದನೇ ತಂತಿಯಲ್ಲಿ ದೋ ಇದೆ, ಸಿ ಇದೆ. ಎಂಬತ್ತೈದು ದಾಟುವವರೆಗೆ ಹಾಡಬಹುದು! ವಿಜ್ಞಾನದಿಂದ ಇಷ್ಟು ಸಮಾಧಾನ ನನಗೆ ಎಂದೂ ಸಿಕ್ಕಿರಲಿಲ್ಲ.

ಶನಿವಾರ ಕ್ಲಬ್ಬು ತುಂಬಿತ್ತು. ನಾಲ್ಕರ ಪಕ್ಷ ಎಡಕ್ಕೆ, ಐದರ ಪಕ್ಷ ಬಲಕ್ಕೆ. ಮೂಗು ಚೂರಾದ ಸಂತನನ್ನು ಓತಿಲಿಯಾ ತನ್ನ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ನಾನು ಮೈಕಿನ ಬಳಿ ನಿಂತು ಕನ್ನಡಕ ಒರೆಸುತ್ತಿದ್ದೆ. ಬೆನ್ನ ಹಿಂದೆ ರಾಮಿರೊ ತಗ್ಗಿದ ದನಿಯಲ್ಲಿ ಕೇಳಿದ: "ದೋನ್ ಫ್ಲೊರೆನ್ಸಿಯೊ, ಬೆರಳು ಹೇಗಿದೆ? ಹೋದ್ವರ್ಷದ ಹಾಗೇ ರೆ ತಾನೆ?"

ಕನ್ನಡಕದ ಗಾಜಿನಲ್ಲಿ ನನ್ನ ಗಂಡ ಸಣ್ಣದಾಗಿ ಕಂಡ. ಒಮ್ಮೆ ನನ್ನ ಬೆನ್ನನ್ನು ನೋಡಿದ. ಆಮೇಲೆ ಆ ಗುಂಡುಕಲ್ಲಿನಂಥ ಬೆರಳುಗಳನ್ನು ಒಂದೊಂದಾಗಿ ಹಿಸುಕಿಕೊಂಡು ಮುಖ ಹಿಂಡಿದ.

"ಏನ್ ಹೇಳ್ಲಿ ಕಣೋ, ಈ ವರ್ಷ ಇನ್ನೂ ಮೋಸ. ದೋಗೆ ಇಳ್ಸು. ಪ್ರೊಫೆಗೆ ಕೇಳ್ಸೋ ಹಾಗೆ ಹೇಳ್ಬೇಡ, ನನ್ ಮರ್ಯಾದೆ ಹೋಗುತ್ತೆ."

ದೋ! ಇಷ್ಟು ಬೇಗ! ನನ್ನ ನಾಲ್ಕು ವರ್ಷಗಳ ನಿಶ್ಚಿಂತೆ ನಾಲ್ಕು ಸೆಕೆಂಡು ಉಳಿಯಲಿಲ್ಲ.

ನಾನು ಕೈಚೀಲ ತೆರೆದು ಓತಿಲಿಯಾಳ ಮುಲಾಮಿನ ಡಬ್ಬಿ ತೆಗೆದೆ. ವೇದಿಕೆಯ ಮೇಲೆ, ಎರಡೂ ಪಕ್ಷಗಳ ಎದುರಿಗೆ, ಅವನ ಕೈ ಹಿಡಿದು, ಯಾವ ಕಾಯಿಲೆಯೂ ಇಲ್ಲದ ಆ ಹತ್ತೂ ಬೆರಳಿಗೆ ಚೆನ್ನಾಗಿ ಉಜ್ಜಿದೆ.

"ತುಂಬಾ ನೋವಾ?"

"ಸ್ವಲ್ಪ," ಎಂದ, ನೆಲ ನೋಡುತ್ತ.

"ಸರಿ. ಸ್ವರ ಕೊಡು."