ಸುಕ್ಕು ಕಂಡರಾಗದ ಭಾವ

ನಮ್ಮ ಭಾವನ ಎದುರು ಯಾರೂ ಇಸ್ತ್ರಿಯಿಲ್ಲದ ಅಂಗಿ ತೊಟ್ಟು ಕೂರಬಾರದು! ಕೂತರೆ ಅಂಗಿಯ ಜೊತೆಗೆ ಬೆನ್ನನ್ನೂ ತಿಕ್ಕಿಸಿಕೊಳ್ಳಬೇಕಾಗುತ್ತದೆ. ಧಾರವಾಡದ ಈ ಮನುಷ್ಯ ವಡೋದರಾದಲ್ಲಿ ಕೃತಕ ಕಾಲು ಮಾಡುವ ಕಾರ್ಖಾನೆಯೊಂದರಲ್ಲಿ, ಬಾಗಿದ ಅಚ್ಚುಗಳಿಗೆ ಅಂಟು ಸವರಿದ ಕಾರ್ಬನ್ ಫೈಬರಿನ ಕರೀ ಬಟ್ಟೆ ಹಾಸಿ ಅಂಗೈಯಿಂದ ತಿಕ್ಕುತ್ತಾರೆ. ಒಂದು ಸುಕ್ಕು ಉಳಿದರೂ, ಗಟ್ಟಿಯಾದ ಮೇಲೆ ಅಲ್ಲೇ ಬಿರುಕಂತೆ. ಸರಿ, ಕಾರ್ಖಾನೆಯಲ್ಲಿ ತಿಕ್ಕಲಿ, ಯಾರು ಬೇಡ ಅಂದರು? ಆದರೆ ಆ ಕೈಗಳಿಗೆ ರಜೆಯೆಂಬುದೇ ಗೊತ್ತಿಲ್ಲವಲ್ಲ!

ಸ್ಕೂಟರಿನಿಂದ ಬಿದ್ದು ಒಂದು ಕಾಲಿನ ಮೊಣಕಾಲ ಕೆಳಗಿನ ಭಾಗ ಕಳೆದುಕೊಂಡ ನಾನು ಅಕ್ಕನ ಮನೆ ಸೇರಿದ್ದೆ. ಮೊದಲು ತೊಟ್ಟ ಪ್ಲಾಸ್ಟಿಕ್ ಕಾಲು ಕಚ್ಚಿ ಕಚ್ಚಿ ಹುಣ್ಣು ಮಾಡಿತ್ತು. ಮತ್ತೆ ನಡೆಯುವ ಆಸೆಯೆಲ್ಲ ಈಗ ಭಾವನ ಕೈಯಲ್ಲಿತ್ತು. ಆ ಕೈ ಏನು ಮಾಡುತ್ತಿತ್ತು ಗೊತ್ತೆ?

ಅಕ್ಕ ಖಾಂಡ್ವಿಯೆಂಬ ಗುಜರಾತಿ ಸುರುಳಿ ತಿಂಡಿ ಮಾಡಲು ಬೇಯಿಸಿದ ಕಡಲೆಹಿಟ್ಟನ್ನು ತಟ್ಟೆಯ ಬೆನ್ನಿಗೆ ಸವರಿದಳು. ಇನ್ನೇನು ಸುರುಳಿ ಸುತ್ತಬೇಕು, ಒಂದು ಗುಳ್ಳೆ ಉಳಿದಿದೆಯೆಂದು ಭಾವ ತಟ್ಟೆ ಕಿತ್ತುಕೊಂಡರು. ಸವರಿ ಸವರಿ ಮುಗಿಸುವಷ್ಟರಲ್ಲಿ ಖಾಂಡ್ವಿ ಹಪ್ಪಳವಾಗಿತ್ತು.

ಇನ್ನೊಂದು ದಿನ ಮನೆ ಮಾಲೀಕರು ಸೋರುವ ನಲ್ಲಿ ನೋಡಲು ಬಗ್ಗಿದರು. ನುಣ್ಣನೆಯ ಬೋಳುತಲೆ! ಭಾವನ ಅಂಗೈ ತಾನಾಗಿ ಅದರ ಮೇಲೆ ಜಾರಿತು. ಮನೆ ಖಾಲಿ ಮಾಡಿಸುತ್ತಾರೆಂದು ಅಕ್ಕ ನಡುಗಿದಳು. ಆ ಮಾಲೀಕ ಕಾಕಾ ಮಾತ್ರ ಅಂದಿನಿಂದ ತಲೆನೋವು ಬಂದಾಗಲೆಲ್ಲ ನಮ್ಮ ಮೆಟ್ಟಿಲು ಹತ್ತತೊಡಗಿದರು.

ನನ್ನ ಕಾಲಿನ ಸರದಿ ಬಂದಾಗಲಂತೂ ಕೇಳಬೇಡಿ. ಹಾಸುವುದು, ಕೀಳುವುದು, ಮತ್ತೆ ಹಾಸುವುದು. ಊಟದ ನಡುವೆ ಎದ್ದು ಕಾರ್ಖಾನೆಗೆ ಓಡುವುದು. ನನಗೂ ತಾಳ್ಮೆ ಕೆಟ್ಟಿತು.

"ಭಾವಾ, ನಿಮ್ಮ ಕಾಲು ಬರೋದ್ರಾಗ ನನ್ನ ಇನ್ನೊಂದು ಕಾಲಿಗೂ ಮುಪ್ಪು ಬರ್ತದ," ಅಂದೆ.

ಅವರು ನಗಲಿಲ್ಲ. ಆಸ್ಪತ್ರೆಯವರು ತೆಗೆದ ನಿನ್ನ ಕಾಲಿನ ಅಚ್ಚು ಎಲ್ಲೋ ಸುಳ್ಳು ಹೇಳುತ್ತಿದೆ, ಕಾಲನ್ನೇ ಮುಟ್ಟಿ ನೋಡಬೇಕು ಎಂದರು. ಟವೆಲ್ಲಿನಡಿ ಬಚ್ಚಿಟ್ಟ ಆ ಮೊಂಡುಕಾಲನ್ನು ಅಕ್ಕನಿಗೂ ತೋರಿಸಿರಲಿಲ್ಲ. ಹೊಲಿಗೆ ಹಾಕಿದ ಕಡೆ ಚರ್ಮ ಮಡಿಕೆ ಮಡಿಕೆಯಾಗಿ ಮುದುಡಿತ್ತು, ನೋಡಲು ನನಗೇ ಹೇಸಿಗೆ. ಸುಕ್ಕು ಕಂಡರಾಗದ ಈ ಮನುಷ್ಯ ಈಗ ತಿಕ್ಕುತ್ತಾರೆ ಎಂದು ಹಲ್ಲು ಕಚ್ಚಿ ಟವೆಲ್ ಸರಿಸಿದೆ.

ಅಂಗೈ ಬಂದು ಮಡಿಕೆಗಳ ಮೇಲೆ ಕೂತಿತು. ತಿಕ್ಕಲಿಲ್ಲ.

"ಈ ಸುಕ್ಕು ಹಿಂಗ ಇರ್ಲಿ ಬಿಡಪಾ," ಅಂದರು ಭಾವ ಮೆಲ್ಲಗೆ. "ಆ ಕರೀ ಬಟ್ಟೀನ ಇದಕ್ಕ ಹೊಂದ್ಕೋಬೇಕು."

ಒಂದು ಗಳಿಗೆಯೂ ಸುಮ್ಮನಿರದ ಆ ಕೈ ಎಷ್ಟೋ ಹೊತ್ತು ಅಲ್ಲಾಡದೆ ಹಾಗೇ ಇತ್ತು. ನನಗೆ ಅಳು ಬಂತು. ಟವೆಲ್ಲನ್ನು ಮತ್ತೆ ಎಳೆದುಕೊಳ್ಳಲಿಲ್ಲ.